ಬಿಳಿ ವ್ಯಾನಿನ ಎಡಬಾಗಿಲು

ನಮ್ಮೂರಿನಲ್ಲಿ ಎರಡು ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಅವುಗಳ ಯಜಮಾನರು ಅಲ್ಲೇ ಕೂತು ಮಾತಿಗೆ ತೊಡಗಿದರೆ, ಗಾಡಿಗಳು ಬಣ್ಣ ಬದಲಾಯಿಸಿಕೊಳ್ಳುತ್ತವೆ. ಪೂರ್ತಿಯಲ್ಲ. ಇದರಿಂದ ಅಂಗೈಯಷ್ಟು ಅದಕ್ಕೆ ಹೋದರೆ ಅದರಿಂದ ಅಂಗೈಯಷ್ಟು ಇದಕ್ಕೆ ಬರುತ್ತದೆ, ಯಾರಿಗೂ ನಷ್ಟವಿಲ್ಲ. ಅರ್ಧ ಗಂಟೆಯ ಮಾತಿಗೆ ಉಗುರಿನಷ್ಟು, ಒಂದು ಊಟದ ಹೊತ್ತಿಗೆ ತಟ್ಟೆಯಷ್ಟು. ಮಾತಿನಲ್ಲಿ ಮನಸ್ಸಿಲ್ಲದಿದ್ದರೆ ಇಡೀ ದಿನ ನಿಂತರೂ ಏನೂ ಆಗುವುದಿಲ್ಲ. ಪುರಸಭೆಯ ಮೀಟಿಂಗ್ ಇದ್ದಾಗ ಹೊರಗೆ ಸಾಲಾಗಿ ನಿಲ್ಲುವ ಕಾರುಗಳಲ್ಲಿ ಇಷ್ಟು ವರ್ಷವಾದರೂ ಒಂದು ಚುಕ್ಕೆ ಅತ್ತಿತ್ತ ಹೋಗಿಲ್ಲ.

ಹಾಗಾಗಿ ನಮ್ಮಲ್ಲಿ ಗಾಡಿಯ ಬಣ್ಣ ಓದುವುದು ಪೇಪರ್ ಓದುವುದಕ್ಕಿಂತ ದೊಡ್ಡ ಅಭ್ಯಾಸ. ಗಂಡಿನ ಕಡೆಯವರು ಬಂದರೆ ಹೆಣ್ಣಿನ ಮನೆಯವರು ಹುಡುಗನ ಮುಖಕ್ಕಿಂತ ಮೊದಲು ಅವನ ಬೈಕಿನ ಟ್ಯಾಂಕ್ ನೋಡುತ್ತಾರೆ. ಅತ್ತೆ ಸೊಸೆ ಜಗಳ ಮುಗಿಯಿತೋ ಇಲ್ಲವೋ ಎಂದು ಕೇಳುವ ಅಗತ್ಯವಿಲ್ಲ, ಇಬ್ಬರ ಸ್ಕೂಟರ್ ನೋಡಿದರೆ ಸಾಕು. ಆಸ್ಪತ್ರೆ ಬೀದಿಯ ಡಾಕ್ಟರಮ್ಮನ ಕಾರು ಹಳೆಯ ಕೌದಿಯ ಹಾಗಿದೆ, ಆಕೆಯ ಹತ್ತಿರ ಜನ ಕಾಯಿಲೆ ಒಂದು ಮಾತು ಹೇಳಿ ಮನೆ ವಿಷಯ ಹತ್ತು ಮಾತು ಹೇಳುತ್ತಾರೆ ಎಂದು ಅದರಿಂದಲೇ ಗೊತ್ತಾಗುತ್ತದೆ.

ಆದರೆ ಯಾರ ಜೊತೆ ಕೂತು ಮಾತಾಡಿದೆ ಎಂದು ಊರಿಗೆ ತಿಳಿಯಬಾರದು ಎನ್ನುವವರೂ ಇರುತ್ತಾರಲ್ಲ. ಅವರೆಲ್ಲ ನನ್ನ ಗಿರಾಕಿಗಳು. ನಾನು ಇಂದುಮತಿ, ಕೆರೆ ಏರಿಯ ಕೆಳಗೆ ತಗಡಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಾರುಗಳಿಗೆ ಸೆರಾಮಿಕ್ ಕೋಟಿಂಗ್ ಹಾಕುತ್ತೇನೆ. ಬೇರೆ ಊರುಗಳಲ್ಲಿ ಅದನ್ನು ಧೂಳಿಗೆ, ಬಿಸಿಲಿಗೆ, ಕಾಗೆ ಹಿಕ್ಕೆಗೆ ಹೆದರಿ ಹಾಕಿಸುತ್ತಾರಂತೆ. ನಮ್ಮೂರಿನಲ್ಲಿ ಒಬ್ಬರಿಗೊಬ್ಬರು ಹೆದರಿ ಹಾಕಿಸುತ್ತಾರೆ. ಕೋಟಿಂಗ್ ಕೂತ ಮೇಲೆ ಒಳಗಿನ ಬಣ್ಣ ಹೊರಗೆ ಹೋಗುವುದಿಲ್ಲ, ಹೊರಗಿನದು ಒಳಗೆ ಬರುವುದಿಲ್ಲ. ಮೂರು ವರ್ಷ ನಿಶ್ಚಿಂತೆ.

ಕೆಲಸ ಸುಲಭದ್ದಲ್ಲ. ಮೊದಲು ತೊಳೆದು, ಜೇಡಿಯಂಥ ಮುದ್ದೆಯಿಂದ ಉಜ್ಜಿ ಕಣ್ಣಿಗೆ ಕಾಣದ ಕೊಳೆಯನ್ನೆಲ್ಲ ಎಳೆಯಬೇಕು. ಆಮೇಲೆ ಮಿಷನ್ ಹಿಡಿದು ಪಾಲಿಶ್. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಜಿಡ್ಡು ತೆಗೆಯಬೇಕು. ಕೊನೆಗೆ ಕಣ್ಣಿನ ಔಷಧಿಯಷ್ಟು ಸಣ್ಣ ಬಾಟಲಿಯಿಂದ ಹನಿ ಹನಿ ಸುರಿದು, ಒಂದು ಚೌಕ ಉದ್ದಕ್ಕೆ, ಮತ್ತೆ ಅದೇ ಚೌಕ ಅಡ್ಡಕ್ಕೆ ಸವರುತ್ತಾ ಹೋಗಬೇಕು. ನಿಮಿಷದಲ್ಲಿ ಅದರ ಮೇಲೆ ಕಾಮನಬಿಲ್ಲಿನಂಥ ಹೊಳಪು ಏಳುತ್ತದೆ. ಆಗಲೇ ಒರೆಸಬೇಕು. ಮುಂಚೆ ಒರೆಸಿದರೆ ಕೂರುವುದಿಲ್ಲ, ತಡವಾದರೆ ಕಲೆಯಾಗಿ ನಿಲ್ಲುತ್ತದೆ. ಅಲ್ಲಿಂದ ಒಂದು ಹಗಲು ಒಂದು ರಾತ್ರಿ ಒಣಗಬೇಕು. ಆ ಹೊತ್ತಿನಲ್ಲಿ ಬಣ್ಣ ಇನ್ನೂ ಹೊರಳಾಡುತ್ತಿರುತ್ತದೆ, ಅದಕ್ಕೇ ಶೆಡ್ಡಿನ ನೆಲದಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಒಣಗುವ ಗಾಡಿಯಿಂದ ಮೂರು ಮಾರು ದೂರದೊಳಗೆ ಇನ್ನೊಂದು ಗಾಡಿ ಬರಕೂಡದು, ಯಜಮಾನರು ಒಳಗೆ ಕೂತು ಹರಟಕೂಡದು. ಹತ್ತೊಂಬತ್ತು ವರ್ಷದಲ್ಲಿ ಆ ಗೆರೆಯನ್ನು ಯಾರೂ ದಾಟಿರಲಿಲ್ಲ. ದಾಟಲು ನಾನು ಬಿಟ್ಟಿರಲಿಲ್ಲ.

ನನ್ನ ವ್ಯಾನಿನ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಬಿಳಿ ವ್ಯಾನು. ಹನ್ನೊಂದು ವರ್ಷ ಹಳೆಯದು, ಆದರೂ ಕಂಪನಿಯಿಂದ ಈಗ ಇಳಿಸಿದ ಹಾಗೆ ಬಿಳಿ. ಬೇರೆಯವರ ಬಣ್ಣದ ಒಂದು ಚುಕ್ಕೆಯೂ ಅದರ ಮೇಲಿರಲಿಲ್ಲ. ಗಿರಾಕಿಗಳು ಅನುಮಾನಪಟ್ಟರೆ ಅದನ್ನೇ ತೋರಿಸುತ್ತಿದ್ದೆ. ನೋಡಿ, ಇದು ನನ್ನ ಕೈಕೆಲಸ, ಊರೆಲ್ಲ ತಿರುಗುತ್ತದೆ, ಏನಾದರೂ ಅಂಟಿದೆಯೇ? ಬೆನ್ನ ಹಿಂದೆ ಜನ ನನಗೆ ಜಂಬ ಎನ್ನುತ್ತಿದ್ದರು. ಹೌದು, ಇತ್ತು. ನಲವತ್ತಮೂರರ ವಯಸ್ಸಿಗೆ ಒಂಟಿಯಾಗಿ ಶೆಡ್ಡು ನಡೆಸುವವಳಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಇನ್ನು ಫಾಲಾಕ್ಷಪ್ಪ. ಊರಿಗೆಲ್ಲ ಅವರು ಡ್ರೈವಿಂಗ್ ಮೇಷ್ಟ್ರು. ಅವರ ಹಳೆಯ ಕಾರಿಗೆ ಹುಟ್ಟಿದ ಬಣ್ಣ ಯಾವುದು ಎಂದು ಅವರಿಗೇ ಮರೆತುಹೋಗಿತ್ತು. ಪ್ರತಿ ವಿದ್ಯಾರ್ಥಿಯ ಮನೆಯ ಮುಂದೆ ನಿಲ್ಲಿಸುವುದು, ಅಲ್ಲಿ ಕಾಫಿ ಕುಡಿಯುವುದು, ಕ್ಲಚ್ಚಿನಿಂದ ಶುರುವಾದ ಮಾತು ಮಗಳ ಪರೀಕ್ಷೆ, ಮಂಡಿನೋವು, ಹಪ್ಪಳದ ಹದ ಎಂದು ಎಲ್ಲೆಲ್ಲೋ ಹೋಗುವುದು. ಇಪ್ಪತ್ತು ವರ್ಷ ಹೀಗೆ ತಿರುಗಿದ ಆ ಕಾರಿನ ಮೇಲೆ ಊರಿನ ಎಲ್ಲ ಮನೆಗಳೂ ಇದ್ದವು. ಅವರ ಮದುವೆ ಆಗದೆ ಉಳಿದದ್ದೂ ಆ ಕಾರಿನಿಂದಲೇ ಎನ್ನುತ್ತಾರೆ. ಹೆಣ್ಣಿನ ಕಡೆಯವರು ಬಾನೆಟ್ ನೋಡಿ, ಇಷ್ಟೊಂದು ಜನರ ಜೊತೆ ಮಾತಾಡುವ ಗಂಡು ನಮಗೆ ಬೇಡ ಎಂದು ಎದ್ದುಹೋಗುತ್ತಿದ್ದರಂತೆ.

ಅಂಥವರಿಗೆ ಆ ವರ್ಷ ಸಾರಿಗೆ ಕಚೇರಿಯಿಂದ ಒಂದು ಹೊಸ ಆದೇಶ ಬಂತು. ಡ್ರೈವಿಂಗ್ ಕಲಿಸುವ ಕಾರು ಪೂರ್ತಿ ಹಳದಿ ಇರಬೇಕು, ಬೇರೆ ಬಣ್ಣ ಒಂದು ರೂಪಾಯಿ ನಾಣ್ಯದಷ್ಟು ಕಂಡರೂ ಲೈಸೆನ್ಸ್ ರದ್ದು. ತಪಾಸಣೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಮೇಷ್ಟ್ರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವರು ಒಂದು ತಿಂಗಳು ಮುಂಚೆಯೇ ಕಾರಿಗೆ ಹಳದಿ ಹೊಡೆಸಿ, ಹೊಸ ಬಣ್ಣ ಗಟ್ಟಿಯಾಗುವ ತನಕ ಕೋಟಿಂಗ್ ಹಾಕುವಂತಿಲ್ಲವಾದ್ದರಿಂದ, ಊರಾಚೆ ಪಾಳುಬಿದ್ದ ಇಟ್ಟಿಗೆ ಗೂಡಿನ ಹತ್ತಿರ ಒಂಟಿಯಾಗಿ ನಿಲ್ಲಿಸಿ, ನಡೆದುಕೊಂಡೇ ಪಾಠಕ್ಕೆ ಹೋಗುತ್ತಿದ್ದರು. ಮೂರು ವರ್ಷಗಳಿಂದ ಅವರ ಹತ್ತಿರ ಕಲಿಯುತ್ತಲೇ ಇರುವ ಅಶ್ವತ್ಥಮ್ಮನವರು ನನ್ನ ನೆರೆಮನೆಯವರು, ಅರವತ್ತೊಂದು ವರ್ಷ. ಆ ತಿಂಗಳು ಅವರು ಅಡುಗೆಮನೆಯ ಮಣೆಯ ಮೇಲೆ ಕೂತು, ಊಟದ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು, ಮೇಷ್ಟ್ರು ಹೇಳಿದಂತೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದುದನ್ನು ನಾನೇ ಕಿಟಕಿಯಿಂದ ಕಂಡಿದ್ದೇನೆ. ನಿಜವಾದ ಕಾರಿಗಿಂತ ಅದನ್ನೇ ಚೆನ್ನಾಗಿ ಓಡಿಸುತ್ತಿದ್ದರು.

ತಪಾಸಣೆಗೆ ಎರಡು ದಿನ ಮುಂಚೆ, ಭಾನುವಾರ ಬೆಳಿಗ್ಗೆ ಮೇಷ್ಟ್ರು ಕಾರು ತಂದರು. ಹೊಸ ಬಣ್ಣಕ್ಕೆ ಉಜ್ಜುವ ಕೆಲಸ ಹೆಚ್ಚಿರಲಿಲ್ಲ, ನಾನು ಹನ್ನೊಂದೂವರೆಗೆಲ್ಲ ಕೋಟಿಂಗ್ ಮುಗಿಸಿ, ಕೆಂಪು ಗೆರೆಯ ಮಧ್ಯೆ ಕಾರು ನಿಲ್ಲಿಸಿ, ಇನ್ನು ನಾಳೆ ಬನ್ನಿ ಎಂದೆ. ಅವರು ಹೋಗಲಿಲ್ಲ. ಕಾರನ್ನು ಬಿಟ್ಟು ಹೋದರೆ ಜೀವ ತಡೆಯುವುದಿಲ್ಲ, ಹೊರಗೆ ಕೂತಿರುತ್ತೇನೆ ಎಂದರು. ಹೊರಗೆ ಎಂದರೆ ಬಟಾಬಯಲು. ಬಿಸಿಲು ಏರಿತು. ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ಟಿಫನ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನೋಡಲಾಗದೆ ನಾನು ನನ್ನ ವ್ಯಾನನ್ನು ಅತ್ತ ತಂದು, ಶೆಡ್ಡಿನ ಬಾಯಿಗೆ ಅಡ್ಡ ನಿಲ್ಲಿಸಿ, ನೆರಳು ಮಾಡಿಕೊಟ್ಟೆ. ವ್ಯಾನಿನ ಎಡಬದಿಗೂ ಅವರ ಕಾರಿನ ಬಲಬದಿಗೂ ನಡುವೆ ಒಂದು ಚಾಪೆಯಷ್ಟು ಜಾಗ ಉಳಿಯಿತು. ಕೆಂಪು ಗೆರೆಯ ಒಳಗೆ. ನನಗೆ ಗೊತ್ತಿತ್ತು. ಆದರೆ ವ್ಯಾನಿಗೆ ಕೋಟಿಂಗ್ ಇದೆಯಲ್ಲ, ಅದು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದುಕೊಂಡೆ.

ಅವರ ಡಬ್ಬಿಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇತ್ತು, ನನ್ನದರಲ್ಲಿ ಚಿತ್ರಾನ್ನ. ಹಂಚಿಕೊಂಡೆವು. ಅವರು ರಿವರ್ಸ್ ಗೇರ್ ಕಲಿಸುವ ಬಗೆ ಹೇಳಿದರು. ಹಿಂದಕ್ಕೆ ಹೋಗುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರಂತೆ, ಅದಕ್ಕೆ ಅವರು ಹಾಡು ಹೇಳಿಸುತ್ತಾರಂತೆ. ನಾನು ಅಪ್ಪ ಲಾರಿಗಳ ಹಿಂದೆ ಹೂವು ಬರೆಯುತ್ತಿದ್ದುದನ್ನು ಹೇಳಿದೆ. ಸಣ್ಣವಳಿದ್ದಾಗ ಅಪ್ಪನ ಬ್ರಶ್ ಕದ್ದು ಎದುರುಮನೆಯ ಎಮ್ಮೆಯ ಕೊಂಬಿಗೆ ಹಸಿರು ಬಳಿದದ್ದನ್ನೂ ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಊಟ ಮುಗಿದು ಎಷ್ಟು ಹೊತ್ತಾಯಿತೋ, ಕೈ ತೊಳೆಯುವುದನ್ನೇ ಮರೆತಿದ್ದೆವು. ನೋಡಿದರೆ ನಾಲ್ಕು ಗಂಟೆ. ಬಾಗಿಲುಗಳ ಕಡೆ ತಿರುಗಿಯೂ ನೋಡದೆ ವ್ಯಾನು ಹತ್ತಿ ಮನೆಗೆ ಹೊರಟೆ.

ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದಾಗ ಮೇಷ್ಟ್ರು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಬಲಬಾಗಿಲಿನ ಮೇಲೆ ಊಟದ ತಟ್ಟೆಯಷ್ಟು ಅಗಲ, ದುಂಡಗೆ, ಬಿಳಿ.

ನನಗೆ ಮೊದಲು ಬಂದದ್ದು ಸಿಟ್ಟು. ಸಂಜೆ ಮೇಲೆ ಯಾರ ಗಾಡಿ ಇಲ್ಲಿ ಬಂದಿತ್ತು, ಯಾರ ಜೊತೆ ಹರಟುತ್ತಾ ಕೂತಿದ್ದಿರಿ ಎಂದು ದಬಾಯಿಸಿದೆ. ಅವರು ಮೆಲ್ಲಗೆ, ನಾನು ಇಡೀ ದಿನ ಮಾತಾಡಿದ್ದು ನಿಮ್ಮೊಬ್ಬರ ಜೊತೆ ಎಂದರು. ಹಾಗಿದ್ದರೆ ನಿಮ್ಮ ಪೇಂಟಿನವನೇ ಕಳ್ಳ, ಹಳದಿಯ ಕೆಳಗೆ ಹಳೇ ಬಿಳಿ ಬಿಟ್ಟಿದ್ದಾನೆ ಎಂದೆ. ಬಾಟಲಿಯ ಕಂಪನಿಯವರನ್ನು ಬೈದೆ. ಬೈಯಲು ಇನ್ಯಾರೂ ಉಳಿಯದಿದ್ದಾಗ ಒಂದು ಚೆಂಬು ನೀರು ತೆಗೆದುಕೊಂಡು ಹೋಗಿ ನನ್ನ ವ್ಯಾನಿನ ಮೇಲೆ ಸುರಿದೆ.

ಕೋಟಿಂಗ್ ಇರುವ ಗಾಡಿಯ ಮೇಲೆ ನೀರು ನಿಲ್ಲುವುದಿಲ್ಲ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ದುಂಡಗಾಗಿ ಉರುಳಿ ಓಡುತ್ತದೆ. ಈ ಪರೀಕ್ಷೆಯನ್ನು ನಾನು ಊರಿನ ಪ್ರತಿಯೊಬ್ಬರಿಗೂ ಕಲಿಸಿದ್ದೇನೆ. ನನ್ನ ವ್ಯಾನಿನ ಮೇಲೆ ನೀರು ಹಾಳೆಯಂತೆ ಹರಡಿ, ಅಂಟಿಕೊಂಡು, ಸೋಮಾರಿಯಾಗಿ ಕೆಳಗೆ ಇಳಿಯಿತು. ಕೋಟಿಂಗ್ ಇರಲೇ ಇಲ್ಲ. ಸತ್ತು ಎಷ್ಟು ಕಾಲವಾಗಿತ್ತೋ. ಎಡಬಾಗಿಲಿಗೆ ಬಂದರೆ ಅಲ್ಲಿ ತಟ್ಟೆಯಷ್ಟು ಅಗಲ, ದುಂಡಗೆ, ಹಳದಿ.

ಲೆಕ್ಕ ಹಾಕಿದೆ. ಮೂರು ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ ಎಂದು ಊರಿಗೆಲ್ಲ ಫೋನು ಮಾಡಿ ನೆನಪಿಸುವ ನಾನು, ನನ್ನ ವ್ಯಾನಿಗೆ ಹಾಕಿ ಆರು ವರ್ಷವಾಗಿತ್ತು. ಬೆಳ್ಳಗೇ ಇದೆಯಲ್ಲ, ಗಟ್ಟಿಯಾಗಿದೆ ಎಂದುಕೊಂಡಿದ್ದೆ. ಮೂರು ವರ್ಷಗಳಿಂದ ಅದನ್ನು ಕಾಪಾಡಿದ್ದು ಕೋಟಿಂಗ್ ಅಲ್ಲ. ಅದರ ಪಕ್ಕ ಯಾರೂ ಗಾಡಿ ನಿಲ್ಲಿಸಿ ನನ್ನ ಜೊತೆ ಮಾತಿಗೆ ಕೂತಿರಲಿಲ್ಲ, ಅಷ್ಟೇ. ಚೆಂಬು ಹಿಡಿದುಕೊಂಡು ಅಲ್ಲೇ ನಿಂತೆ. ಯಾರನ್ನೂ ಬೈಯಬೇಕು ಎನ್ನಿಸಲಿಲ್ಲ.

ಮೇಷ್ಟ್ರಿಗೆ ತಪ್ಪು ನನ್ನದು ಎಂದು ಹೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಗಿರಾಕಿಗೆ ಆ ಮಾತು ಹೇಳಿದ್ದು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವರು, ಲೈಸೆನ್ಸ್ ಹೋದರೆ ಅಶ್ವತ್ಥಮ್ಮನವರಿಗೆ ಇನ್ಯಾರು ಕಲಿಸುತ್ತಾರೆ ಎಂದು ಅದರ ಚಿಂತೆ ಮಾಡಿದರು.

ಹೊಸದಾಗಿ ಹಳದಿ ಹೊಡೆಸಿದರೆ ನಾಳೆ ಬೆಳಿಗ್ಗೆಗೆ ಗಟ್ಟಿಯಾಗುವುದಿಲ್ಲ. ಉಳಿದದ್ದು ಒಂದೇ ದಾರಿ. ಅವರ ಹಳದಿ ನನ್ನ ವ್ಯಾನಿನ ಮೇಲಿದೆ, ನನ್ನ ಬಿಳಿ ಅವರ ಬಾಗಿಲ ಮೇಲಿದೆ. ಹೋದ ದಾರಿಯಲ್ಲೇ ವಾಪಸು ಬರಬೇಕು. ಮಿಷನ್ ಹಿಡಿದು ಅವರ ಬಲಬಾಗಿಲಿನ ಕೋಟಿಂಗ್ ಅಷ್ಟನ್ನೂ ಉಜ್ಜಿ ತೆಗೆದೆ. ಎರಡೂ ಗಾಡಿಗಳನ್ನು ನಿನ್ನೆಯ ಜಾಗದಲ್ಲೇ, ಕಲೆಗೆ ಕಲೆ ಎದುರಾಗುವಂತೆ ನಿಲ್ಲಿಸಿದೆ. ಚಾಪೆ ಹಾಸಿದೆ. ಇಬ್ಬರೂ ಕೂತೆವು.

ಒಂದು ಮಾತೂ ಬರಲಿಲ್ಲ.

ಮಾತಾಡಲೇಬೇಕು ಎಂದು ಕೂತರೆ ಎಲ್ಲಿಂದ ಬರುತ್ತದೆ? ಅವರು ಬಿಸಿಲು ಜಾಸ್ತಿ ಎಂದರು. ನಾನು ಹೂಂ ಎಂದೆ. ಅವರು ಕ್ಲಚ್ಚಿನ ಮಹತ್ವ ವಿವರಿಸಿದರು, ನನಗೆ ಆಕಳಿಕೆ ಬಂತು. ನಾನು ಪಾಲಿಶಿನ ಮೂರು ಬಗೆಗಳನ್ನು ಹೇಳಿದೆ, ಅವರು ಶಾಲೆಯ ಹುಡುಗನಂತೆ ತಲೆ ಆಡಿಸಿದರು. ಗಂಟೆ ಹನ್ನೆರಡಾಯಿತು, ಒಂದಾಯಿತು. ಅಶ್ವತ್ಥಮ್ಮನವರು ಇಬ್ಬರಿಗೂ ಮೊಸರನ್ನ ತಂದುಕೊಟ್ಟು, ನಮ್ಮ ಮುಖ ನೋಡಿ, ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಕೂತಿದ್ದೀರಲ್ಲ ಎಂದು ಹೋದರು. ಆಮೇಲಂತೂ ಇಬ್ಬರೂ ತಲೆ ಎತ್ತದೆ ಮೊಸರನ್ನ ತಿಂದೆವು. ಬಾಗಿಲ ಮೇಲಿನ ಬಿಳಿ ಕೂದಲೆಳೆಯಷ್ಟೂ ಕದಲಿರಲಿಲ್ಲ.

ಎರಡು ಗಂಟೆಗೆ ನನಗೆ ಸಾಕಾಯಿತು. ನನ್ನ ಕೈಯಲ್ಲಿ ಒಬ್ಬರ ಅನ್ನ ಹೋಗುತ್ತಿದೆ, ನಾನು ಪಾಲಿಶಿನ ಬಗ್ಗೆ ಭಾಷಣ ಮಾಡುತ್ತಿದ್ದೇನೆ. ಎಲ್ಲ ಬಿಟ್ಟು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಮೇಷ್ಟ್ರೇ, ಕೋಟಿಂಗ್ ಹೋಗಿ ಮೂರು ವರ್ಷ ಆಗಿತ್ತು. ನಂಗೆ ಗೊತ್ತೇ ಆಗ್ಲಿಲ್ಲ. ಯಾಕೆ ಹೇಳಿ? ಒಬ್ರಾದ್ರೂ ಪಕ್ಕದಲ್ಲಿ ಬಂದು ನಿಲ್ಲಿಸಿದ್ರೆ ಗೊತ್ತಾಗ್ತಿತ್ತು. ಊರಿಗೆಲ್ಲ ನನ್ನ ವ್ಯಾನ್ ತೋರಿಸ್ಕೊಂಡು ಮೆರೀತಿದ್ದೆ. ತೋರಿಸ್ತಿದ್ದಿದ್ದು ಇದನ್ನ."

ಮೇಷ್ಟ್ರು ಚಾಪೆಯ ಒಂದು ಎಳೆ ಕಿತ್ತರು.

"ನಿಮ್ಮ ವ್ಯಾನ್ ಪಕ್ಕ ನಿಲ್ಸಕ್ಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ. ಅಷ್ಟು ಬೆಳ್ಳಗಿದೆ. ನನ್ನ ಕಾರು ನೋಡಿದ್ರಲ್ಲ ಹೆಂಗಿತ್ತು ಅಂತ. ಅಂಗಡಿ ಬೀದೀಲಿ ಮೂರ್ನಾಲ್ಕು ಸಲ ನಿಮ್ಮ ಪಕ್ಕಕ್ಕೆ ಬಂದು, ಕೋಟಿಂಗ್ ಇದ್ರೂ ಕೊಳೆ ಮಾಡಿಬಿಡ್ತೀನಿ ಅಂತ ಹೆದರಿ ಹಿಂದಕ್ಕೆ ಹೋಗಿದೀನಿ."

"ಯಾವಾಗ? ನಾನು ನೋಡೇ ಇಲ್ಲ."

"ನೋಡಿದೀರಿ. ಅಶ್ವತ್ಥಮ್ಮನೋರಿಗೆ ರಿವರ್ಸ್ ಕಲಿಸ್ತಿದ್ದೆ ಅಂದ್ಕೊಂಡಿರ್ತೀರಿ."

ನನಗೆ ನೆನಪಾಯಿತು. ತರಕಾರಿ ಅಂಗಡಿಯ ಮುಂದೆ ಆ ಬಣ್ಣಬಣ್ಣದ ಕಾರು ಹತ್ತಿರ ಬಂದು, ನಿಂತು, ಯೋಚಿಸಿ, ಹಿಂದಕ್ಕೆ ಹೋಗುವುದು, ಒಳಗೆ ಅಶ್ವತ್ಥಮ್ಮನವರು ಗಟ್ಟಿಯಾಗಿ ಹಾಡು ಹೇಳುವುದು. ಈ ವಯಸ್ಸಿನಲ್ಲಿ ಆಕೆಗೆ ರಿವರ್ಸಿನ ಹುಚ್ಚು ಎಷ್ಟು ಎಂದು ನಾನು ಕೈಯಲ್ಲಿ ಬದನೆಕಾಯಿ ಹಿಡಿದು ನಕ್ಕಿದ್ದೆ. ಈಗಲೂ ನಗು ಬಂತು. ಶುರುವಾದ ನಗು ನಿಲ್ಲಲಿಲ್ಲ. ಅವರೂ ನಕ್ಕರು. ಆಮೇಲೆ ಯಾರು ಏನು ಹೇಳಿದೆವೋ ಬರೆಯಲು ಕೂತರೆ ಒಂದು ವಾರ ಬೇಕು. ನಡುವೆ ಒಮ್ಮೆ ತಿರುಗಿ ನೋಡಿದಾಗ ಬಾಗಿಲಿನ ಬಿಳಿ ತಟ್ಟೆ ಬಟ್ಟಲಾಗಿತ್ತು, ಮತ್ತೊಮ್ಮೆ ನೋಡಿದಾಗ ಲೋಟದ ಬಾಯಷ್ಟಾಗಿತ್ತು.

ಆರು ಗಂಟೆಗೆ ಹುಣಸೆಬೀಜದಷ್ಟು ಒಂದು ಬಿಳಿ ಚುಕ್ಕೆ ಉಳಿದಿತ್ತು. ಇನ್ನರ್ಧ ಗಂಟೆ ಕೂತಿದ್ದರೆ ಅದೂ ಹೋಗುತ್ತಿತ್ತು. ನಾನು ಚಾಪೆ ಮಡಚಲು ಎದ್ದೆ, ಅವರೂ ಎದ್ದರು. ಚುಕ್ಕೆಯನ್ನು ಇಬ್ಬರೂ ನೋಡಿದ್ದೆವು, ಇಬ್ಬರೂ ಅದರ ಮಾತೆತ್ತಲಿಲ್ಲ. ನಿಜ ಹೇಳುತ್ತೇನೆ, ಅದು ಪೂರ್ತಿ ಅಳಿಸಿಹೋಗುವುದು ನನಗೆ ಇಷ್ಟವಿರಲಿಲ್ಲ.

ಮಂಗಳವಾರ ಹತ್ತಕ್ಕೆ ನಾನೂ ಸಾರಿಗೆ ಕಚೇರಿಯ ಅಂಗಳಕ್ಕೆ ಹೋದೆ. ಹಿಂದಿನ ಸಂಜೆಯ ಧೈರ್ಯ ಅಲ್ಲಿ ಇರಲಿಲ್ಲ. ಹುಣಸೆಬೀಜದಷ್ಟು ಆಸೆಗೆ ಒಬ್ಬರ ಬದುಕು ಹಾಳು ಮಾಡಿದೆನೇ ಎಂದುಕೊಳ್ಳುತ್ತಾ ನಿಂತಿದ್ದೆ. ಇನ್ಸ್‌ಪೆಕ್ಟರ್ ದೊರೆಸ್ವಾಮಿಯವರು ಕಟ್ಟುನಿಟ್ಟಿನ ಮನುಷ್ಯ. ತಮ್ಮ ಜೀಪಿಗೆ ಮೂರು ವರ್ಷ ಕಾಯದೆ ಪ್ರತಿ ವರ್ಷ ಕೋಟಿಂಗ್ ಹಾಕಿಸುವವರು. ಕಾರನ್ನು ಎರಡು ಸುತ್ತು ಬಂದು, ಬಲಬಾಗಿಲ ಹತ್ತಿರ ನಿಂತು, ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿದರು. ಮೇಷ್ಟ್ರ ಮುಖ ಸುಣ್ಣವಾಯಿತು. ಇನ್ಸ್‌ಪೆಕ್ಟರ್ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಚುಕ್ಕೆಯ ಮೇಲಿಟ್ಟರು. ಚುಕ್ಕೆ ಕಾಣಲಿಲ್ಲ. ನಾಣ್ಯ ಎತ್ತಿದರು, ಕಂಡಿತು. ಮತ್ತೆ ಇಟ್ಟರು.

"ನಾಣ್ಯದಷ್ಟಿಲ್ಲ," ಎಂದರು. ಆಮೇಲೆ ಅಂಗಳದ ಆಚೆ ನಿಂತಿದ್ದ ನನ್ನ ವ್ಯಾನನ್ನು, ಅದರ ಎಡಬಾಗಿಲಿನ ಹಳದಿ ಚುಕ್ಕೆಯನ್ನು ಒಂದು ಗಳಿಗೆ ನೋಡಿದರು. ಅವರೂ ನಮ್ಮೂರಿನವರೇ, ಓದಲು ಬರುತ್ತದೆ. ಸೀಲು ಒತ್ತಿದರು.

ಮೇಷ್ಟ್ರು ತಮ್ಮ ಬಲಬಾಗಿಲಿಗೆ ಮತ್ತೆ ಕೋಟಿಂಗ್ ಹಾಕಿಸಬೇಕಿತ್ತು. ಬುಧವಾರ ತರುತ್ತೇನೆ ಎಂದವರು ಆ ಬುಧವಾರ ತರಲಿಲ್ಲ, ಮುಂದಿನ ಬುಧವಾರವೂ ತರಲಿಲ್ಲ. ನಾನು ನೆನಪಿಸಲಿಲ್ಲ. ಊರಿಗೆಲ್ಲ ಫೋನು ಮಾಡುವವಳು ಆ ಒಂದು ನಂಬರಿಗೆ ಮಾತ್ರ ಬೇರೆ ವಿಷಯಕ್ಕೆ ಮಾಡುತ್ತಿದ್ದೆ.

ನನ್ನ ವ್ಯಾನಿಗೆ ಮಾತ್ರ ಆ ತಿಂಗಳಲ್ಲೇ ಹಾಕಿದೆ. ಹೇಳುವುದೊಂದು ಮಾಡುವುದೊಂದು ಆಗಬಾರದಲ್ಲ. ತೊಳೆದು, ಉಜ್ಜಿ, ಒರೆಸಿ, ಚೌಕ ಚೌಕವಾಗಿ, ಕಾಮನಬಿಲ್ಲು ಎದ್ದೊಡನೆ ಬಟ್ಟೆ ಆಡಿಸಿ, ಎರಡು ದಿನ ಮೈಮುರಿದು ಮಾಡಿದ ಕೆಲಸ. ಮೂರನೆಯ ದಿನ ಅಶ್ವತ್ಥಮ್ಮನವರು ಶೆಡ್ಡಿಗೆ ಬಂದರು. ತಮಗೆ ಕೊನೆಗೂ ಲೈಸೆನ್ಸ್ ಸಿಕ್ಕಿದ ಖುಷಿಗೆ ಪೇಢ ತಂದಿದ್ದರು. ಶೆಡ್ಡಿನ ಮುಂದೆ ನಿಲ್ಲಿಸಿದ್ದ ವ್ಯಾನಿನ ಸುತ್ತ ಓಡಾಡಿ, ನಾನೇ ಕಲಿಸಿಕೊಟ್ಟ ಪರೀಕ್ಷೆ ಮಾಡಲು ಚೆಂಬಿನಿಂದ ನೀರು ಚಿಮುಕಿಸುತ್ತಾ ಬಂದರು. ಬಾನೆಟ್ಟಿನ ಮೇಲೆ ನೀರು ಮುತ್ತಿನಂತೆ ಓಡಿತು. ಬಲಬದಿಯಲ್ಲಿ ಓಡಿತು, ಹಿಂದೆ ಓಡಿತು. ಎಡಬಾಗಿಲಿಗೆ ಬಂದಾಗ ನೀರು ಹರಡಿಕೊಂಡು ಅಲ್ಲೇ ನಿಂತಿತು.

"ಇಂದೂ, ಈ ಬಾಗಿಲು ಬಿಟ್ಟುಹೋಗಿದೆ ಕಣೆ," ಎಂದರು.

ಅಷ್ಟರಲ್ಲಿ ಮೇಷ್ಟ್ರ ಹಳದಿ ಕಾರು ಹಿಂದಕ್ಕೆ ಬರುತ್ತಾ ವ್ಯಾನಿನ ಎಡಕ್ಕೆ ನಿಲ್ಲಲು ಜಾಗ ಹುಡುಕುತ್ತಿತ್ತು. ನಾನು ಪೇಢ ಬಾಯಿಗೆ ಹಾಕಿಕೊಂಡು, ಚಾಪೆ ತರಲು ಒಳಗೆ ಹೋದೆ.